ಇನ್ನೊಂದು ಲಾರಿ ಆದರೆ ಸಾಕು

ತಮ್ಮಾ, ನಿನ್ನೆ ರಾತ್ರಿ ನೀನು ಗ್ರೂಪಿಗೆ ಹಾಕಿದ್ದನ್ನು ಬೆಳಿಗ್ಗೆ ಎದ್ದು ಎರಡು ಸಲ ಓದಿದೆ. ಉಳಿದಿರುವ ಎರಡು ಎಕರೆ ಮಾರಿ, ಆ ದುಡ್ಡನ್ನು ಷೇರು ಪೇಟೆಯ ಏರಿಳಿತದ ಮೇಲೆ ಪಣ ಕಟ್ಟುವ ಆಪ್ಷನ್ ಟ್ರೇಡಿಂಗಿಗೆ ಹಾಕಿದರೆ ಮೂವತ್ತು ತುಂಬುವುದರೊಳಗೆ ಒಂದು ಕೋಟಿ ಮಾಡುತ್ತೇನೆ ಅಂದಿದ್ದೀಯ. "ನಮ್ಮ ಮನೆಯಲ್ಲಿ ಯಾರಿಗೂ ದುಡ್ಡು ಮಾಡುವ ಧೈರ್ಯವೇ ಇರಲಿಲ್ಲ" ಅಂತ ಕೊನೆಗೊಂದು ಮಾತು ಬೇರೆ. ಅದಕ್ಕೆ ನಾಲ್ಕು ಜನ ಹೆಬ್ಬೆಟ್ಟು ಒತ್ತಿದ್ದಾರೆ. ಹೊಲದ ವಿಷಯದಲ್ಲಿ ನಮ್ಮ ಮನೆಯವರು ಹೆಬ್ಬೆಟ್ಟು ಒತ್ತುವುದು ಇದೇ ಮೊದಲಲ್ಲ ಬಿಡು.

ಟೈಪ್ ಮಾಡುತ್ತಾ ಕೂತರೆ ಸಂಜೆಯಾಗುತ್ತದೆ, ಅದಕ್ಕೇ ಹೀಗೆ ಮಾತಲ್ಲೇ ಕಳಿಸುತ್ತಿದ್ದೇನೆ. ಚಿಕ್ಕಪ್ಪ, ನೀವೂ ಕೇಳುತ್ತೀರಿ ಅಂತ ಗೊತ್ತು. ತಪ್ಪಿದ್ದರೆ ತಿದ್ದಿ, ಬೇಜಾರು ಮಾತ್ರ ಮಾಡ್ಕೋಬೇಡಿ.

ಧೈರ್ಯ ಇರಲಿಲ್ಲ ಅಂದೆಯಲ್ಲ, ಅದು ಸುಳ್ಳು. ನಿಮ್ಮಪ್ಪನಿಗೆ, ಅಂದರೆ ನಮ್ಮ ಈ ಚಿಕ್ಕಪ್ಪನಿಗೆ, ಇದ್ದಷ್ಟು ಧೈರ್ಯ ಈ ಸಂಡೂರು ಸೀಮೆಯಲ್ಲಿ ಎಷ್ಟು ಜನಕ್ಕಿತ್ತೋ ಕಾಣೆ. ನೀನಾಗ ಚಡ್ಡಿ ಹಾಕಿಕೊಂಡು ಓಡಾಡುವ ಹುಡುಗ. ಚೀನಾದವರು 2008ರ ಒಲಿಂಪಿಕ್ಸ್ ಹೊತ್ತಿಗೆ ಅಂತ ರಾತ್ರಿ ಹಗಲು ಕಟ್ಟಡ ಎಬ್ಬಿಸುತ್ತಿದ್ದ ಕಾಲ ಅದು. ಅವರಿಗೆ ಕಬ್ಬಿಣ ಎಷ್ಟಿದ್ದರೂ ಸಾಲದು. ನಮ್ಮ ಗುಡ್ಡದ ಮಣ್ಣಿಗೆ ಇದ್ದಕ್ಕಿದ್ದಂತೆ ಬೆಲೆ ಬಂತು. ಮೊದಲು ಕೆಲಸಕ್ಕೆ ಬಾರದ್ದು ಅಂತ ಗುಡ್ಡೆ ಹಾಕಿ ಬಿಟ್ಟಿದ್ದ ಪುಡಿ ಅದಿರನ್ನೂ ಬಾಚಿಕೊಂಡು ಹೋದರು. ಜೋಳ ಬೆಳೆಯುವ ಹೊಲವನ್ನೇ ಅಗೆದು ಅದಿರು ಮಾರಿದವರಿದ್ದರು. ನಿಮ್ಮಪ್ಪ ಅಗೆಯಲಿಲ್ಲ. ಮೂರು ಎಕರೆಯನ್ನು ಅದಿರು ಸುರಿಯುವ ಯಾರ್ಡಿಗೆ ಮಾರಿದರು. ಆ ದುಡ್ಡಲ್ಲಿ ಮೊದಲ ಲಾರಿ ಬಂತು.

ಸುಳ್ಳು ಯಾಕೆ ಹೇಳಲಿ, ಖುಷಿಯಾಗಿದ್ದೆವು. ನನ್ನ ಬಿ.ಎಡ್. ಫೀಸು ಕಟ್ಟಿದ್ದೂ ಅದೇ ಲಾರಿ. ಟೈರಿನ ಕೆಳಗೆ ನಿಂಬೆಹಣ್ಣು ಇಟ್ಟು ಪೂಜೆ ಮಾಡಿದ ದಿನ ನಿಮ್ಮಪ್ಪ, "ಇನ್ನೊಂದು ಲಾರಿ ಆದರೆ ಸಾಕು, ಆರಾಮ" ಅಂದರು. ಎರಡನೆಯದೂ ಆಯಿತು. ಆಗಲೂ ಅದೇ ಮಾತು.

ಅವರ ಶರ್ಟಿನ ಜೇಬಲ್ಲಿ ಒಂದು ಚಿಕ್ಕ ಡೈರಿ ಇರುತ್ತಿತ್ತು. ಟ್ರಿಪ್ಪಿಗೊಂದು ಗೆರೆ. ಹೊಸಪೇಟೆ, ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಕರಾವಳಿಯ ಬೇಲೇಕೇರಿ ಬಂದರಿನವರೆಗೆ. ದಾರಿ ಉದ್ದಕ್ಕೂ ಲಾರಿ ಹಿಂದೆ ಲಾರಿ. ಒಂದು ಮಧ್ಯಾಹ್ನ ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಅಜ್ಜಿ ಜೋಳದ ರೊಟ್ಟಿ, ಎಣ್ಣೆಗಾಯಿ ಬಡಿಸಿದ್ದಳು. ತೊಳೆದಿಟ್ಟ ತಟ್ಟೆಯನ್ನೂ ಸೆರಗಿನಿಂದ ಒರೆಸಿಯೇ ಬಡಿಸಬೇಕಿತ್ತು ಆಗ, ಅಷ್ಟು ಕೆಂಪು ಧೂಳು. ಚಿಕ್ಕಪ್ಪ ರೊಟ್ಟಿ ಮುರಿದರು, ಫೋನ್ ಬಂತು. ಘಟ್ಟದಲ್ಲಿ ಜಾಮು, ಡ್ರೈವರ್ ಜೊತೆ ಜಗಳ. ಮುರಿದ ತುಂಡು ಕೈಯಲ್ಲೇ ಇದೆ, ಬಾಯಿಗೆ ಹೋಗುತ್ತಿಲ್ಲ. ಹಾಗೇ ಎದ್ದು ಬೈಕ್ ಹತ್ತಿ ಹೋದರು. ತಟ್ಟೆಯಲ್ಲಿದ್ದ ರೊಟ್ಟಿ ಸಂಜೆ ಹೊತ್ತಿಗೆ ಹಪ್ಪಳದ ಹಾಗೆ ಸೆಟೆದಿತ್ತು. ಅಜ್ಜಿ ಅದನ್ನು ಎಮ್ಮೆಗೆ ಹಾಕಿದಳು, ಏನೂ ಮಾತಾಡಲಿಲ್ಲ.

ಕುಮಾರಸ್ವಾಮಿ ಗುಡಿಯಲ್ಲೂ ಅಷ್ಟೇ. ಎಡಗೈಯಲ್ಲಿ ಫೋನು, ಬಲಗೈಯಲ್ಲಿ ಮಂಗಳಾರತಿ. ಈಗ ನಗು ಬರುತ್ತದೆ, ಅಲ್ವಾ ಚಿಕ್ಕಪ್ಪ?

2008ರ ಕೊನೆಗೆ ಅದಿರಿನ ರೇಟು ಧೊಪ್ಪನೆ ಬಿತ್ತು. ಕೆಲವು ತಿಂಗಳು ಲಾರಿಗೆ ಕೆಲಸವೇ ಇಲ್ಲ. ನಿಮ್ಮಪ್ಪ ಮನೆಯಲ್ಲಿದ್ದರು. ದನದ ಕೊಟ್ಟಿಗೆಗೆ ಹೊಸ ಶೀಟು ಹಾಕಿದ್ದು ಆಗ. ಮಧ್ಯಾಹ್ನ ಜಗಲಿ ಮೇಲೆ ಚೌಕಾಬಾರ ಆಡಿದ್ದು ಆಗ. ನಿನಗೆ ಸೈಕಲ್ ಕಲಿಸಿದ್ದು ಕೂಡ ಆಗಲೇ. ಹಿಂದಿನ ಸೀಟು ಹಿಡಿದುಕೊಂಡು ಕೆರೆ ಏರಿ ಮೇಲೆ ಓಡುತ್ತಿದ್ದರು, ಪಂಚೆ ಎತ್ತಿ ಕಟ್ಟಿಕೊಂಡು. ನೀನು ಬಿದ್ದು ಗದ್ದಕ್ಕೆ ಗಾಯ ಮಾಡಿಕೊಂಡಿದ್ದೆ, ಆ ಕಲೆ ಇನ್ನೂ ಇದೆ ನೋಡಿಕೋ.

2009ರಲ್ಲಿ ರೇಟು ಮತ್ತೆ ಏರಿತು. ಸೈಕಲ್ ಅಲ್ಲಿಗೇ ನಿಂತಿತು. ಮೂರನೇ ಲಾರಿಗೆ ಅಂತ ಮನೆ ಮೇಲೂ ಸಾಲ. 2011ರ ಶುರುವಿನಲ್ಲಿ ಟನ್ನಿಗೆ 180 ಡಾಲರ್ ದಾಟಿತ್ತಂತೆ. ಇಷ್ಟಾದರೂ ಡೈರಿಯಲ್ಲಿ ಗೆರೆ ಕಮ್ಮಿಯಾದ ದಿನ ನಿಮ್ಮಪ್ಪ ಬೆಳಗಿನ ಜಾವದವರೆಗೆ ಅಂಗಳದಲ್ಲಿ ತಿರುಗುತ್ತಿದ್ದರು. ಮೂರು ಎಕರೆ ಜೋಳ ಒಣಗಿದ ವರ್ಷ ಗೊರಕೆ ಹೊಡೆದು ಮಲಗಿದ್ದ ಮನುಷ್ಯ ಅವರು.

ಮುಂದಿನದು ಎಲ್ಲರಿಗೂ ಗೊತ್ತು. 2011ರ ಜುಲೈ 27ಕ್ಕೆ ಅಕ್ರಮ ಗಣಿಗಾರಿಕೆ ಬಗ್ಗೆ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ, 29ಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ನಿಲ್ಲಿಸಿದ್ದು ಸರಿಯೇ, ಇಲ್ಲದಿದ್ದರೆ ಗುಡ್ಡ ಎಲ್ಲಿ ಉಳಿಯುತ್ತಿತ್ತು? ಎರಡು ಲಾರಿ ಫೈನಾನ್ಸಿನವರು ಎಳೆದುಕೊಂಡು ಹೋದರು. ಮೂರನೆಯದು ಮನೆ ಪಕ್ಕ ನಿಂತಿತ್ತು. ಅಜ್ಜಿ ಅದರ ಮೇಲೆ ಹೀರೇಕಾಯಿ ಬಳ್ಳಿ ಹಬ್ಬಿಸಿದ್ದಳು. ಕೊನೆಗೆ ಗುಜರಿಯವನು ಕೆಜಿ ಲೆಕ್ಕದಲ್ಲಿ ತೂಗಿಕೊಂಡು ಹೋದ.

ಆದರೆ ನಾನು ಹೇಳಬೇಕು ಅಂದುಕೊಂಡಿದ್ದು ಈ ನಷ್ಟದ ಕಥೆಯಲ್ಲ. ನಷ್ಟ ಯಾರಿಗೂ ಆಗಬಹುದು. ನನಗೆ ಕಾಡುವುದು ಲಾಭ ಬರುತ್ತಿದ್ದ ದಿನಗಳು. ದುಡ್ಡು ಬರುತ್ತಿತ್ತು, ಮನುಷ್ಯ ಮನೆಗೆ ಬರುತ್ತಿರಲಿಲ್ಲ. ಬಂದರೂ ಬಂದ ಹಾಗಿರುತ್ತಿರಲಿಲ್ಲ.

ಟ್ರೇಡಿಂಗ್ ಬಗ್ಗೆ ನನಗಿಂತ ನಿನಗೆ ಜಾಸ್ತಿ ಗೊತ್ತು. ಮೂರು ವರ್ಷದ ಲೆಕ್ಕ ತೆಗೆದು, ಫ್ಯೂಚರ್ಸ್, ಆಪ್ಷನ್ಸ್ ಆಡಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡರು ಅಂತ ಷೇರು ಪೇಟೆ ಮೇಲೆ ಕಣ್ಣಿಡುವ ಸೆಬಿಯವರೇ 2024ರಲ್ಲಿ ಹೇಳಿದ್ದಾರೆ. ಹೋಗಲಿ, ನೀನು ಉಳಿದ ಏಳು ಜನರಲ್ಲಿ ಒಬ್ಬ ಅಂತಲೇ ಇಟ್ಟುಕೊಳ್ಳೋಣ. ಹೋದ ತಿಂಗಳು ಬಂದಾಗ ನೀನು ಊಟಕ್ಕೆ ಕೂತು ಎಷ್ಟು ಸಲ ಫೋನ್ ಎತ್ತಿ ನೋಡಿದೆ ಗೊತ್ತಾ? ನಾನು ಎಣಿಸಿದೆ, ಹನ್ನೊಂದು ಸಲ. ಕೆಂಪು ಗೆರೆ, ಹಸಿರು ಗೆರೆ. ಚಿಕ್ಕಮ್ಮ ಸಾರು ಬೇಕಾ ಅಂತ ಎರಡು ಸಲ ಕೇಳಿ ಸುಮ್ನಾದರು.

ಹೊಲ ಮಾರಲೇಬಾರದು ಅಂತ ನಾನೇನೂ ಹೇಳುತ್ತಿಲ್ಲ. ಚಿಕ್ಕಮ್ಮನ ಮಂಡಿ ಆಪರೇಷನ್ನಿಗೆ ಬೇಕು ಅನ್ನು, ನಾನೇ ಮುಂದೆ ನಿಂತು ಮಾರಿಸುತ್ತೇನೆ. ಕೋಟಿ ಯಾವುದಕ್ಕೆ ಅಂತ ನೀನು ಬರೆದಿಲ್ಲ. ನಲವತ್ತು ಲಕ್ಷ ಅಲ್ಲ, ಎಪ್ಪತ್ತಲ್ಲ, ಕೋಟಿಯೇ ಯಾಕೆ? ಅದೊಂದಕ್ಕೆ ಉತ್ತರ ಕೊಡು, ಗ್ರೂಪಲ್ಲಿ ಬೇಡ ಅಂದರೆ ನನಗೊಬ್ಬಳಿಗೇ ಹೇಳು.

ಚಿಕ್ಕಪ್ಪ, ಆ ಡೈರಿ ಇನ್ನೂ ಟ್ರಂಕಿನಲ್ಲಿದ್ದರೆ ತೆಗೆದಿಡಿ. ತಮ್ಮಾ, ಭಾನುವಾರ ಬಾ. ಶೇಂಗಾ ಕೀಳುವುದಿದೆ, ಆಳು ಸಿಗುತ್ತಿಲ್ಲ. ಬರುವಾಗ ಹೊಸಪೇಟೆಯಲ್ಲಿ ಇಳಿದು ನಿಮ್ಮಮ್ಮನ ಬಿಪಿ ಮಾತ್ರೆ ತಗೊಂಡು ಬಾ, ಚೀಟಿಯ ಫೋಟೋ ಕಳಿಸುತ್ತೇನೆ.