ಬ್ಲೂಟೂತ್ ಕನೆಕ್ಟ್ ಆಗ್ತೈತಿ, ಮೋಟರ್ ಆಫ್ ಮಾಡಿದ ಕೂಡ್ಲೆ ಕಟ್ ಆಗ್ತೈತಿ – ಅನುಭವ ಇದ್ದೋರು ಹೇಳ್ರಿ

ನವನಗರ ಹುಡುಗ (ಬಾಗಲಕೋಟಿ):
ನಮಸ್ಕಾರ್ರಿ. ಫೈನಲ್ ಇಯರ್ ಪ್ರಾಜೆಕ್ಟ್, ಹೊಲದಾಗಿನ ಬೋರಿನ ಮೋಟರ್ ಫೋನಿಂದ ಚಾಲೂ ಬಂದ್ ಮಾಡೋದು. ಆರ್ಡುಯಿನೊ ಊನೊ (ಕೋಡ್ ಹಾಕಿ ನಡಸೋ ಸಣ್ಣ ಬೋರ್ಡ್), ಎಚ್‌ಸಿ-05 ಬ್ಲೂಟೂತ್ ಮಾಡ್ಯೂಲ್, 16 ಬೈ 2 ಎಲ್‌ಸಿಡಿ ಡಿಸ್‌ಪ್ಲೇ, ನೀಲಿ ರಿಲೇ ಮಾಡ್ಯೂಲ್ (ಬೋರ್ಡ್ ಹೇಳಿದಂಗ ಚಾಲೂ ಬಂದ್ ಆಗೋ ಸ್ವಿಚ್). ಮನ್ಯಾಗ ಬಲ್ಬ್ ಹಚ್ಚಿ ನೋಡಿದ್ರ ಚಂದ ನಡೀತೈತಿ. ಸ್ಟಾರ್ಟರ್‌ಗೆ ಹಚ್ಚಿ ಆಫ್ ಒತ್ತಿದ್ರ ಎಲ್‌ಸಿಡಿ ಮ್ಯಾಲೆ ಏನೇನೋ ಗೀಚಿದಂಗ ಬರ್ತೈತಿ, ಬ್ಲೂಟೂತ್ ಕಟ್. ಒಮ್ಮೊಮ್ಮೆ ಫೋನಿನ್ಯಾಗೂ ಕಸ ಅಕ್ಷರ ಬರ್ತಾವು. ರಿವ್ಯೂ ಹತ್ತರ ಬಂದೈತಿ. ಎಚ್‌ಸಿ-05 ಬ್ಯಾರೇದ್ ಹಾಕ್ಲೋ, ಬ್ಲೂಟೂತ್ ಒಳಗನ ಇರೋ ಇಎಸ್‌ಪಿ32 ಬೋರ್ಡ್ ತೊಗೊಳ್ಲೋ?

ತಿಕೋಟಾ ದ್ರಾಕ್ಷಿ (ವಿಜಯಪುರ):
ತಮ್ಮಾ, ಇದರಾಗ ನಂದು ಎಷ್ಟು ರೊಕ್ಕ ಹೋಗ್ಯದ ಕೇಳು. ನಮ್ಮ ತ್ವಾಟದ ಸ್ಟಾರ್ಟರ್ ಮನಿಗೆ ಹತ್ತರನ ಅದ, ಆದ್ರ ರಾತ್ರಿ ತ್ರೀಫೇಸ್ ಬಂದಾಗ ಕತ್ತಲ್ಯಾಗ ಯಾರು ಎದ್ದು ಹೋಗ್ತಾರ, ಹಾವು ಹುಳ ಬ್ಯಾರೆ, ಅದಕ್ಕ ಹಾಸಿಗ್ಯಾಗಿಂದನ ಚಾಲೂ ಮಾಡೂಣು ಅಂತ ಇಎಸ್‌ಪಿ32 ಹಿಡಕೊಂಡು ಕುಂತೆ. ಬೋರ್ಡ್ 480, ವೋಲ್ಟೇಜ್ ಇಳಿಸೋ ಬಕ್ ಕನ್ವರ್ಟರ್ 85, 12 ವೋಲ್ಟಿನ ಅಡಾಪ್ಟರ್ 220, ರಿಲೇ 90. ಅಂಗಡ್ಯಾಂವ ಬಕ್ ಕನ್ವರ್ಟರ್ 5 ವೋಲ್ಟಿಗೆ ಸೆಟ್ ಮಾಡೇ ಕೊಟ್ಟೀನಿ ಅಂದ, ಬೋರ್ಡ್ ಬಿಸಿ ಆಗಿ ವಾಸನಿ ಬಂದಮ್ಯಾಲೆ ಮೀಟರ್ ಹಿಡಿದ್ರ 12 ವೋಲ್ಟ್ ಇದ್ದಂಗನ ಹೊರಗ ಬರಾಕತ್ತಿತ್ತು. 480 ಹೋತು. ಇನ್ನೊಂದು ತಂದೆ, ಅದು ಸೀರಿಯಲ್ ಮಾನಿಟರಿನ್ಯಾಗ ‘ಬ್ರೌನೌಟ್ ಡಿಟೆಕ್ಟರ್ ವಾಸ್ ಟ್ರಿಗರ್ಡ್’ (ವೋಲ್ಟೇಜ್ ಕುಸಿದದ) ಅಂತ ಜಪ ಮಾಡ್ಕೋತ ರೀಸೆಟ್ ಆಗೂದು. ಆ ಚಿಪ್ಪಿಗೆ 500 ಮಿಲಿಆಂಪ್ ಕೊಡೋ ಸಪ್ಲೈ ಬೇಕಂತ ಡೇಟಾಶೀಟಿನ್ಯಾಗ ಬರದಾರ, ನನಗ ಸಿಕ್ಕ ಅಡಾಪ್ಟರ್ ಮ್ಯಾಲೆ 2 ಆಂಪ್ ಅಂತ ಅಚ್ಚು ಹಾಕಿದ್ರು, ಒಳಗ ಏನಿಲ್ಲ. ಚಲೋ ಎಸ್‌ಎಂಪಿಎಸ್ ಪವರ್ ಸಪ್ಲೈ 450 ಕೊಟ್ಟು ತಂದು, ಬೋರ್ಡಿನ ಬಾಯಿಗೆ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದ ಮ್ಯಾಲೆ ನಿಂತಿತು.

ಮುಗೀತು ಅನಬ್ಯಾಡ. ಸ್ಟಾರ್ಟರ್‌ದು ತಗಡಿನ ಡಬ್ಬಿ. ಬಾಗಲಾ ತಗದ್ರ ಫೋನಿಗೆ ಸಿಗ್ತದ, ಮುಚ್ಚಿದ್ರ ಮಾಯ. ತಗಡಿನ್ಯಾಗಿಂದ ಸಿಗ್ನಲ್ ಹೊರಗ ಬರಂಗಿಲ್ಲ. ಮತ್ತ 380 ಕೊಟ್ಟು ಪ್ಲಾಸ್ಟಿಕ್ ಡಬ್ಬಿ ತಂದು ಗ್ವಾಡಿ ಆ ಕಡೆ ಹಾಕೀನಿ. ಆಮ್ಯಾಲೆ ಕಾಂಟ್ಯಾಕ್ಟರ್ (ಸ್ಟಾರ್ಟರ್ ಒಳಗಿನ ದೊಡ್ಡ ಸ್ವಿಚ್) ಬಿಟ್ಟಾಗೆಲ್ಲ ಬೋರ್ಡ್ ಹ್ಯಾಂಗ್. ಅದನ್ನ ಎಳಿಯೋ ಕಾಯಿಲ್ ಬಿಡೋ ಹೊತ್ತಿಗೆ ದೊಡ್ಡ ಸ್ಪೈಕ್ ಬರ್ತದ, ಅದಕ್ಕ 100 ಓಮ್ ರೆಸಿಸ್ಟರ್, 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಸಾಲಾಗಿ ಜೋಡ್ಸಿ ಕಾಯಿಲ್ ಮ್ಯಾಲೆ ಹಾಕಿದೆ, ಅವತ್ತಿಂದ ಹ್ಯಾಂಗ್ ಆಗಿಲ್ಲ. ಮಾಡ್ಯೂಲ್ ಬೈಬ್ಯಾಡ, ಪವರ್ ನೋಡು, ಕಾಯಿಲ್ ನೋಡು.

ಉದ್ಯಮಬಾಗ ಸೋಲ್ಡರ್ (ಬೆಳಗಾವಿ):
ಕಾಕಾ, ನಿಮ್ಮ ಖರ್ಚಿನ ಪಟ್ಟಿ ಓದಿ ಕಣ್ಣಾಗ ನೀರ್ ಬಂತು, ಆದ್ರ ಹುಡುಗನ ಫೋನಿನ್ಯಾಗ ಕಸ ಅಕ್ಷರ ಬರೋದು ಪವರಿಂದ ಅಷ್ಟ ಅಲ್ಲ. ಬಾಡ್ ರೇಟ್, ಅಂದ್ರ ಡೇಟಾ ಕಳಸೋ ವೇಗ, ತಪ್ಪಿದ್ರೂ ಹಂಗ ಬರ್ತೈತಿ. ಎಚ್‌ಸಿ-05 ಸಾಮಾನ್ಯವಾಗಿ ಡೇಟಾಕ್ಕ 9600, ಬಟನ್ ಒತ್ತಿ ಹಿಡದು ಪವರ್ ಕೊಟ್ರ ಎಟಿ ಮೋಡ್ (ಸೆಟ್ಟಿಂಗ್ ಬದಲಿ ಮಾಡೋ ಮೋಡ್), ಅಲ್ಲಿ 38400. ಎಲ್‌ಇಡಿ ಸಾವಕಾಶ ಮಿನುಗಿದ್ರ ನೀ ಎಟಿ ಮೋಡಿನ್ಯಾಗ ಅದಿ ಅಂತ ಅರ್ಥ. ಸಾಫ್ಟ್‌ವೇರ್ ಸೀರಿಯಲ್ ಮ್ಯಾಲೆ 115200 ಇಟ್ಟು ಆಮ್ಯಾಲೆ ಅಳೋ ಮಂದೀನೂ ಅದಾರ. ಮತ್ತ ಮಾಡ್ಯೂಲಿನ ಡೇಟಾ ತೊಗೊಳ್ಳೋ ಆರ್‌ಎಕ್ಸ್ ಪಿನ್ 3.3 ವೋಲ್ಟಿಂದು, ಊನೊ 5 ವೋಲ್ಟ್ ಕಳಸ್ತೈತಿ, ನಡುವ ವೋಲ್ಟೇಜ್ ಇಳಿಸೋ 1ಕೆ 2ಕೆ ರೆಸಿಸ್ಟರ್ ಡಿವೈಡರ್ ಹಾಕದ ನೇರ ಹಚ್ಚಿರ್ತಾರ ಎಲ್ಲಾರೂ.

ನನ್ನ ಸಿಟ್ಟು ಬ್ಯಾರೆ ಐತಿ. ಇಲ್ಲೊಬ್ಬ ಫೌಂಡ್ರಿ ಮಾಲಕರು ಬ್ಲೋವರ್ ಫೋನಿಂದ ಬಂದ್ ಮಾಡಬೇಕಂದ್ರು. ಎಚ್‌ಸಿ-05 ಹಾಕಿ ತೋರ್ಸಾಕ ಹೋದ್ರ ಕಿಸೆದಾಗಿಂದ ಐಫೋನ್ ತಗದ್ರು. ಐಫೋನಿಗೆ ಹಳೇ ಸೀರಿಯಲ್ ಬ್ಲೂಟೂತ್ ಹಂಗ ಸಿಗಂಗಿಲ್ಲ, ಆಪಲ್ ಪರವಾನಗಿ ಇದ್ದ ಸಾಮಾನಕ್ಕಷ್ಟ. ಸರಿ, ಬಿಎಲ್‌ಇ (ಕಡಿಮಿ ಪವರಿನ ಬ್ಲೂಟೂತ್) ಬೇಕು ಅಂತ ಎಚ್‌ಎಂ-10 ಮಾಡ್ಯೂಲ್ ತರಿಸಿದೆ, 390. ಬಂದಿದ್ದು ನಕಲಿ, ಎಟಿ ಅಂದ್ರ ಉತ್ತರನ ಇಲ್ಲ, ಅಸಲಿಗೆ ಸಾಲಿನ ಕೊನಿಗೆ ಏನೂ ಬ್ಯಾಡ, ನಕಲಿಗೆ ಸಾಲು ಮುಗಿಸೋ ಗುರುತು ಸಿಆರ್ ಎಲ್‌ಎಫ್ ಎರಡೂ ಬೇಕು, ಇದನ್ನ ಯಾರೂ ಡಬ್ಬಿ ಮ್ಯಾಲೆ ಬರದಿರಂಗಿಲ್ಲ. ಅದು ಕೂಡಿತು, ಒಮ್ಮೆಗೆ 20 ಬೈಟ್ ದಾಟಿದ್ರ ಮೆಸೇಜ್ ತುಂಡಾಗೂದು. ಸಾಕಾಗಿ ಇಎಸ್‌ಪಿ32 ಆರ್ಡರ್ ಕೊಟ್ರ ಅಂಗಡ್ಯಾವ್ರು ಎಸ್2 ಕಳಿಸ್ಯಾರ. ಎಸ್2ದಾಗ ಬ್ಲೂಟೂತ್ ಇಲ್ಲ! ಫೋನ್ ಮಾಡಿದ್ರ ‘ಎಲ್ಲಾ ಇಎಸ್‌ಪಿ32ನ ಅಲ್ಲೇನ್ರಿ ಸರ್’ ಅಂತಾರ. ಸಿ3, ಎಸ್3ದಾಗ ಬಿಎಲ್‌ಇ ಅಷ್ಟ ಇರ್ತೈತಿ, ಹಳೇ ಇಎಸ್‌ಪಿ32ದಾಗ ಎರಡೂ. ಮಾಲಕರ ಕಡಿಂದ ಇನ್ನೂ 4,000 ಬರೋದೈತಿ.

ವಿದ್ಯಾಗಿರಿ ಪಾಸ್ಔಟ್ (ಬಾಗಲಕೋಟಿ):
ಸರ್, ಹುಡುಗನ ಕಡೆ ಐಫೋನ್ ಐತಿ ಅಂತ ಹೇಳಿದ್ನೇನ್ರಿ? ನಾ ಎಚ್‌ಸಿ-05 ಮ್ಯಾಲೇನ ಪ್ರಾಜೆಕ್ಟ್ ಮಾಡಿ ಡಿಸ್ಟಿಂಕ್ಷನ್ ತೊಗೊಂಡೇನಿ, 260 ರೂಪಾಯಿ ಮಾಡ್ಯೂಲ್, ಇವತ್ತಿಗೂ ನಡ್ಯಾಕತ್ತೈತಿ. ನನಗ ತ್ರಾಸ ಕೊಟ್ಟಿದ್ದು ಮಾಡ್ಯೂಲ್ ಅಲ್ಲ, ಫೋನ್. ಆ್ಯಂಡ್ರಾಯ್ಡ್ 12 ಬಂದಮ್ಯಾಲೆ ಆ್ಯಪಿಗೆ ಬ್ಲೂಟೂತ್ ಕನೆಕ್ಟ್ ಪರ್ಮಿಷನ್ ಬ್ಯಾರೇನ ಕೇಳಬೇಕು, ಆ್ಯಪ್ ಇನ್ವೆಂಟರ್ ಅನ್ನೋ ಆ್ಯಪ್ ಮಾಡೋ ಟೂಲಿನ್ಯಾಗ ಮಾಡಿದ ಹಳೇ ಆ್ಯಪ್ ನಮ್ಮ ಗೈಡ್ ಫೋನಿನ್ಯಾಗ ತಗದ್ರ ಎರರ್ ಕೊಟ್ಟು ಸುಮ್ನ ಕುಂದ್ರತಿತ್ತು, ನಮ್ಮ ಗೆಳೆಯಾನ ಹಳೇ ಫೋನಿನ್ಯಾಗ ಬರೋಬ್ಬರಿ ನಡಿಯೂದು. ಗೈಡ್ ನನ್ನ ಮಾರಿ ನೋಡಿದ್ದು ಇನ್ನೂ ಮರ್ತಿಲ್ಲ. ಮತ್ತ ಮಾಡ್ಯೂಲ್ ಊನೊದ 0, 1ನೇ ಪಿನ್ನಿಗೆ ಹಚ್ಚಿದ್ರ ಕೋಡ್ ಅಪ್ಲೋಡ್ ಆಗಂಗಿಲ್ಲ, ಬಿಚ್ಚಿ ಹಾಕಬೇಕು. ಎಲ್ಲಾರ್ ಕಡೆ ಇಎಸ್‌ಪಿ32 ಮ್ಯಾಲೆ ಇಎಸ್‌ಪಿ32 ಸುಡಾಕ ರೊಕ್ಕ ಇರಂಗಿಲ್ಲ ಬಿಡ್ರಿ.

ತಿಕೋಟಾ ದ್ರಾಕ್ಷಿ:
ಸುಟ್ಟಿದ್ದು ಅಂಗಡ್ಯಾಂವ ಮಾಡಿದ ಹಲ್ಕಟ್ ಕೆಲ್ಸಕ್ಕ. ರೊಕ್ಕ ಹೆಚ್ಚಾಗಿ ಅಲ್ಲ. ದ್ರಾಕ್ಷಿ ರೇಟ್ ಕೇಳಿ ಮಾತಾಡು.

ಲ್ಯಾಬ್ ಮೇಡಂ (ವಿಜಯಪುರ):
ಪ್ರತಿ ವರ್ಷ ಇದೇ ನೋಡ್ತೀನಿ. ಹುಡುಗ್ರು ಊನೊಕ್ಕ 9 ವೋಲ್ಟಿನ ಚೌಕೋನಿ ಬ್ಯಾಟರಿ ಹಾಕ್ಕೊಂಡು ಬರ್ತಾರ. ಅದು ಸ್ಮೋಕ್ ಅಲಾರ್ಮಿನಂಥ ಕಡಿಮಿ ಕರೆಂಟಿನ ಸಾಮಾನಕ್ಕ ಮಾಡಿದ್ದು. ನೀಲಿ ರಿಲೇ ಕಾಯಿಲ್ ಒಂದಕ್ಕನ 70 ಮಿಲಿಆಂಪ್ ಹತ್ತರ ಬೇಕು, ಎಲ್‌ಸಿಡಿ ಬ್ಯಾಕ್‌ಲೈಟ್ ಬ್ಯಾರೆ, ಎಚ್‌ಸಿ-05 ಬ್ಯಾರೆ. ವೋಲ್ಟೇಜ್ ಕುಸಿದು ರೀಸೆಟ್ ಆದ್ರ ‘ಮೇಡಂ ಬ್ಲೂಟೂತ್ ಹಾಳಾಗ್ಯದ’ ಅಂತ ಸ್ಟೋರಿನ್ಯಾಗಿನ ಹೊಸ ಮಾಡ್ಯೂಲ್ ಕೇಳ್ತಾರ. ನನ್ನ ಡಬ್ಬಿ ತುಂಬ ಹಂಗ ವಾಪಸ್ ಕೊಟ್ಟ ‘ಹಾಳಾದ’ ಎಚ್‌ಸಿ-05 ಅದಾವ, ಒಂದೊಂದ ಟೆಸ್ಟ್ ಮಾಡಿದ್ರ ಹೆಚ್ಚಿನವು ಸರಿ ಅದಾವ, ಇಂಡೆಂಟ್ ಹಾಕೂ ಮುಂದ ಲೆಕ್ಕ ಕೇಳೋರಿಗೆ ಉತ್ತರ ಕೊಡೋದು ನಾನು. ಐ2ಸಿ (ಎರಡೇ ಡೇಟಾ ವೈರಿನ) ಎಲ್‌ಸಿಡಿದೂ ಅದೇ ಕತಿ, ಹಿಂದಿನ ಚಿಪ್ ಅಡ್ರೆಸ್ ಹೆಕ್ಸ್ 27 ಇರ್ತದ ಇಲ್ಲಾ 3ಎಫ್ ಇರ್ತದ, ಸ್ಕ್ಯಾನರ್ ಸ್ಕೆಚ್ ಓಡಿಸಿ ನೋಡೋದ ಬಿಟ್ಟು ಡಿಸ್‌ಪ್ಲೇ ಕೆಟ್ಟದ ಅಂತಾರ.

ಉದ್ಯಮಬಾಗ ಸೋಲ್ಡರ್:
ಮೇಡಂ ಹೇಳಿದ್ದು ಖರೆ. ಆದ್ರ ಇಲ್ಲಿ ಯಾರೂ ಮುಖ್ಯ ಮಾತು ಎತ್ತವಲ್ರು. ಹೊಲದ ತ್ರೀಫೇಸ್ ಸ್ಟಾರ್ಟರ್ ಕಾಯಿಲ್ ಭಾಳ ಕಡೆ 415 ವೋಲ್ಟಿಂದು, ಎರಡು ಫೇಸಿನ ನಡುವ. ಆ ನೀಲಿ ರಿಲೇ ಮ್ಯಾಲೆ 250 ವೋಲ್ಟ್ ಎಸಿ ಅಂತ ಬರದೈತಿ. 415 ಹಾಕಿ ಚಟ್ ಚಟ್ ಅಂತ ಕಿಡಿ ಹಾರಿಸಿ, ಪಾಯಿಂಟ್ ಅಂಟ್ಕೊಂಡ್ರ ಮೋಟರ್ ಬಂದ್ ಆಗಂಗಿಲ್ಲ. ಕಾಕಾ ಹೇಳಿದ ಕೆಪಾಸಿಟರ್ ಅಂಗಡ್ಯಾಗ ಕೇಳಿದ್ರ 275 ವೋಲ್ಟಿನ ಎಕ್ಸ್2 ದರ್ಜೆದು ಕೊಡ್ತಾರ, ಅದನ್ನ 415ರ ಮ್ಯಾಲೆ ಹಾಕಿದ್ರ ಪಟಾಕಿ. ಗೊತ್ತಿಲ್ದ ಹುಡುಗಗ ಅರ್ಧ ಹೇಳಬ್ಯಾಡ್ರಿ.

ತಿಕೋಟಾ ದ್ರಾಕ್ಷಿ:
ಅರ್ಧ ಹೇಳಿದ್ದು ಯಾರು? ನಂದು ಕಾಯಿಲ್ 230ದ್ದು, ಕಾಂಟ್ಯಾಕ್ಟರ್ರ ಬದಲಿ ಮಾಡಿಸೀನಿ, 1,150 ಕೊಟ್ಟು, ನ್ಯೂಟ್ರಲ್ ಬ್ಯಾರೆ ಎಳಿಸೀನಿ, ವೈರ್‌ಮನ್ ಕೂಲಿ 600. ಕೇಳದನ ಪಟಾಕಿ ಅನ್ನಾಕ ಬಂದೀರಿ. ನಿಮ್ಮ 4,000 ಬರದಿದ್ರ ಅದರ ಸಿಟ್ಟು ನನ್ನ ಮ್ಯಾಲೆ ಬ್ಯಾಡ.

ಉದ್ಯಮಬಾಗ ಸೋಲ್ಡರ್:
ಮೊದಲ ಬರಿಯಬೇಕಿತ್ತು ಮತ್ತ 230 ಅಂತ! ಡಬ್ಬಿ ರೇಟ್ ಬರದೀರಿ, ಕಾಯಿಲ್ ವೋಲ್ಟೇಜ್ ಬರದಿಲ್ಲ.

ಕಿಟ್ ಅಂಗಡಿ (ಬೆಳಗಾವಿ):
ಇಷ್ಟೆಲ್ಲಾ ಯಾಕ್ರಿ. ಇದೇ ಪ್ರಾಜೆಕ್ಟ್ ರೆಡಿ ಐತಿ ನಮ್ಮ ಕಡೆ, ರಿಪೋರ್ಟ್ ಪಿಪಿಟಿ ಸಮೇತ 5,500. ತಮ್ಮಾ ಮೆಸೇಜ್ ಮಾಡು.

ಲ್ಯಾಬ್ ಮೇಡಂ:
ನಿಮ್ಮಂಥವ್ರಿಂದನ ವೈವಾದಾಗ ಹುಡುಗ್ರಿಗೆ ಯುಎಆರ್‌ಟಿ (ಸೀರಿಯಲ್ ಡೇಟಾ ಕಳಸೋ ಭಾಗ) ಅಂದ್ರ ಏನಂತ ಗೊತ್ತಿರಂಗಿಲ್ಲ.

ಕಿಟ್ ಅಂಗಡಿ:
ಕಾಲೇಜಿನ್ಯಾಗ ಸರಿಯಾಗಿ ಕಲಿಸಿದ್ರ ನಮ್ಮ ಅಂಗಡಿಗೆ ಯಾಕ ಬರ್ತಿದ್ರು ಮೇಡಂ? ನಾನೂ ಬಿಇ ಮಾಡೇನಿ, ನೌಕರಿ ಸಿಗ್ಲಿಲ್ಲ, ಬಾಡಿಗಿ ಕಟ್ಟಬೇಕು.

ವಿದ್ಯಾಗಿರಿ ಪಾಸ್ಔಟ್:
5,500 ಕೊಟ್ಟು ತೊಗೊಂಡ ನಮ್ಮ ಕ್ಲಾಸಿನವ್ರದು ಡೆಮೊ ದಿನ ಕನೆಕ್ಟ್ ಆಗಿದ್ದು ಪಕ್ಕದ ಟೀಮಿನ ಮಾಡ್ಯೂಲಿಗೆ. ಎಲ್ಲಾವೂ ಎಚ್‌ಸಿ-05 ಅಂತನ ಹೆಸರು, ಎಲ್ಲಾದಕ್ಕೂ ಪಿನ್ 1234. ಇವ್ರು ಸ್ವಿಚ್ ಒತ್ತಿದ್ರ ಅವ್ರ ರೋಬೋಟ್ ಓಡೂದು. ಎಟಿ ಮೋಡಿನ್ಯಾಗ ಹೆಸರಷ್ಟ ಬದಲಿ ಮಾಡಿ ಕೊಟ್ಟಿದ್ರ ಆಗ್ತಿತ್ತು.

ಕಿಟ್ ಅಂಗಡಿ:
ಅದು ನಮ್ಮ ಅಂಗಡಿದಲ್ಲ.

ನವನಗರ ಹುಡುಗ:
ಎಲ್ಲಾರಿಗೂ ಥ್ಯಾಂಕ್ಸ್ರಿ, ಜಗಳಾ ಮಾಡಬ್ಯಾಡ್ರಿ. ನೋಡಿದೆ, ಸ್ಟಾರ್ಟರ್ ಕಾಯಿಲ್ ಮ್ಯಾಲೆ 415 ಅಂತನ ಬರದೈತಿ. ರಿಲೇಕ್ಕ ಕಾಯಿಲ್ ಹಚ್ಚದ ಬರೇ ಟಕ್ ಟಕ್ ಮಾಡಿಸಿದ್ರ ಬ್ಲೂಟೂತ್ ಕಟ್ ಆಗವಲ್ದು, ಎಲ್‌ಸಿಡಿನೂ ಸರಿ ಐತಿ. ಬ್ಯಾಟರಿ ಹೌದ್ರಿ ಮೇಡಂ, 9 ವೋಲ್ಟಿಂದನ ಇತ್ತು, ತಗದೇನಿ. ಡೆಮೊಕ್ಕ ಸಣ್ಣ 230 ಕಾಯಿಲ್ ಕಾಂಟ್ಯಾಕ್ಟರ್ ತಂದು ಬಲ್ಬ್ ಹಚ್ಚಿದ್ರ ನಡೀತೈತೇನ್ರಿ?

ಉದ್ಯಮಬಾಗ ಸೋಲ್ಡರ್:
ನಡೀತೈತಿ. ಕಾಯಿಲ್ ವೈರ್ ಎಲ್‌ಸಿಡಿ ವೈರಿನ ಜೋಡಿ ಕಟ್ಟಬ್ಯಾಡ, ದೂರ ಓಡಿಸು. ಸ್ನಬ್ಬರ್ (ಆ ರೆಸಿಸ್ಟರ್ ಕೆಪಾಸಿಟರ್ ಜೋಡಿ) ಹಾಕು, ಕಾಕಾ ಹೇಳಿದ್ದ ವ್ಯಾಲ್ಯೂ, 230ಕ್ಕ ಆ 275ರ ಎಕ್ಸ್2 ನಡೀತೈತಿ. ರಿಲೇ ಬೋರ್ಡಿನ್ಯಾಗ ಜೆಡಿ-ವಿಸಿಸಿ ಜಂಪರ್ (ರಿಲೇ ಪವರ್ ಊನೊ ಪವರಿಗೆ ಕೂಡ್ಸೋ ಸಣ್ಣ ತುಣುಕು) ಇದ್ರ ತಗದು ರಿಲೇಕ್ಕ ಬ್ಯಾರೆ 5 ವೋಲ್ಟ್ ಕೊಡು, ಆ ಕಡಿ ಗ್ರೌಂಡ್ ಊನೊಕ್ಕ ಕೂಡಿಸಬ್ಯಾಡ. 415ರ ಕಡೆ ಒಬ್ಬನ ಕೈ ಹಾಕಬ್ಯಾಡ, ವೈರ್‌ಮನ್ ಕರಿ.

ತಿಕೋಟಾ ದ್ರಾಕ್ಷಿ:
ಈಗ ಕಾಕಾ ಹೇಳಿದ್ದು ಸರಿ ಆತು ನೋಡು.

ಮುಧೋಳ ಕಬ್ಬು:
ಈ ಜಗಳದಾಗ ನಂದೊಂದ್ ಪ್ರಶ್ನೆ, ದ್ರಾಕ್ಷಿ ಅಣ್ಣಾವ್ರ 380ರ ಪ್ಲಾಸ್ಟಿಕ್ ಡಬ್ಬಿ ಎಲ್ಲಿ ಸಿಕ್ತ್ರಿ? ಇಲ್ಲಿ 650 ಹೇಳಾಕತ್ತಾರ, ಅದಕ್ಕ ರಬ್ಬರ್ ಬೀಡಿಂಗೂ ಇಲ್ಲ.