ಮಕ್ಕಳು ಹೇಳಿದರೆಂದು ತರಗತಿ ಒಡೆಯಬೇಕೇ?

ಗಂಗಾವತಿ ಕಾಕಾ: ಈ ಸುದ್ದಿಯನ್ನು ಎಲ್ಲರೂ ಓದಿ. ಅಮೆರಿಕದಲ್ಲಿ ಪ್ರಾಥಮಿಕ ಶಾಲೆಯಲ್ಲೇ ಹುಡುಗರಿಗೂ ಹುಡುಗಿಯರಿಗೂ ಬೇರೆ ತರಗತಿ ಮಾಡಿದ್ದಾರೆ. ಮಕ್ಕಳಿಗೂ ಅದೇ ಇಷ್ಟವಂತೆ. ನಮ್ಮೂರ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ನಾನು ಈ ವಿಷಯ ಎತ್ತುತ್ತೇನೆ.

ಬಳ್ಳಾರಿ ಮಾಮಾ: ಎತ್ತಿರಿ. ಹುಡುಗರ ಗದ್ದಲದಲ್ಲಿ ಹೆಣ್ಣುಮಕ್ಕಳು ಬಾಯಿಯನ್ನೇ ಬಿಡುವುದಿಲ್ಲ.

ಸಿಂಧನೂರು ಅಕ್ಕ: ಕಾಕಾ, ಸಭೆಗೆ ಹೋಗುವ ಮೊದಲು ನನ್ನ ಮಾತು ಕೇಳಿ. ನಾನು ನಲಿ-ಕಲಿ ತರಗತಿಗೆ, ಅಂದರೆ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ ಕೂತು ಚಟುವಟಿಕೆಗಳಿಂದ ಕಲಿಯುವ ತರಗತಿಗೆ, ಕಲಿಸುವವಳು. ಏಳೆಂಟು ವರ್ಷದ ಮಕ್ಕಳನ್ನು ಯಾರ ಜೊತೆ ಕೂರುತ್ತೀರಿ ಎಂದು ಕೇಳಿದರೆ ಹುಡುಗರು ಹುಡುಗರ ಕಡೆಗೆ, ಹುಡುಗಿಯರು ಹುಡುಗಿಯರ ಕಡೆಗೆ ಓಡುತ್ತಾರೆ. ಆ ವಯಸ್ಸೇ ಹಾಗೆ. ಅವರು ಹೇಳುತ್ತಿರುವುದು ಗೆಳೆತನದ ಮಾತು, ಕಲಿಕೆಯದಲ್ಲ. ನಮ್ಮಲ್ಲಿ ತಟ್ಟೆಗಳನ್ನು, ಅಂದರೆ ಒಟ್ಟಿಗೆ ಕೂರುವ ಮಕ್ಕಳ ಗುಂಪುಗಳನ್ನು, ಮಾಡುವುದು ಮಗು ಕಲಿಕಾ ಏಣಿಯ ಯಾವ ಮೆಟ್ಟಿಲಲ್ಲಿದೆ ಎಂದು ನೋಡಿ. ಒತ್ತಕ್ಷರ ಬಾರದ ಹುಡುಗನಿಗೆ ಪಕ್ಕದಲ್ಲಿ ಕುಳಿತ ಹುಡುಗಿಯೇ ಹೇಳಿಕೊಡುತ್ತಾಳೆ. ಅವಳನ್ನು ಬೇರೆ ಕೋಣೆಗೆ ಕಳಿಸಿದರೆ ಅವನಿಗೆ ಯಾರಿದ್ದಾರೆ?

ಹುಡುಗರಿಗೂ ಹುಡುಗಿಯರಿಗೂ ಬೇರೆ ತರಗತಿ ಮಾಡಲು ಅಮೆರಿಕ 2006ರಲ್ಲಿ ನಿಯಮ ಸಡಿಲಿಸಿದ್ದು ನಿಜ. ಆದರೆ ಅಂಥ ತರಗತಿಗೆ ಸೇರಲು ಯಾರನ್ನೂ ಒತ್ತಾಯಿಸುವಂತಿಲ್ಲ. 2014ರಲ್ಲಿ ಸಂಶೋಧಕರು 21 ದೇಶಗಳ 184 ಅಧ್ಯಯನಗಳನ್ನು, ಅಂದರೆ ಸುಮಾರು 16 ಲಕ್ಷ ವಿದ್ಯಾರ್ಥಿಗಳ ಮಾಹಿತಿಯನ್ನು, ಒಟ್ಟಿಗೆ ಪರಿಶೀಲಿಸಿದರು. ಸರಿಯಾಗಿ ಹೋಲಿಸಿ ನೋಡಿದ ಕಡೆ ಬೇರೆ ಕೂರಿಸಿದ್ದರಿಂದ ಹೇಳಿಕೊಳ್ಳುವಂಥ ಲಾಭ ಸಿಗಲಿಲ್ಲ.

ಮಾಮಾ, ಹುಡುಗರು ನಡುವೆ ಬಾಯಿ ಹಾಕಿದರೆ ತಡೆಯಬೇಕಾದವರು ಶಿಕ್ಷಕರು. ಅದಕ್ಕೆ ಗೋಡೆ ಬೇಕಿಲ್ಲ.

ಗಂಗಾವತಿ ಕಾಕಿ: ಮೊಮ್ಮಗಳನ್ನು ಈಗಷ್ಟೇ ಕೇಳಿದೆ. ಹುಡುಗರು ಬೇಡವೇ ಬೇಡ, ರಬ್ಬರ್ ಕಸಿದುಕೊಳ್ಳುತ್ತಾರೆ ಎಂದಳು. ಸ್ವಲ್ಪ ಹೊತ್ತಾದ ಮೇಲೆ ಬಂದು, ಅವರು ಹೋದರೆ ಖೋ-ಖೋಗೆ ಜನ ಸಾಲುವುದಿಲ್ಲ, ಇರಲಿ ಎಂದಳು.

ಬಳ್ಳಾರಿ ಮಾಮಾ: ಹಾಗಾದರೆ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ ಏಕೆ ಬೇಕಾಯಿತು? ಅಲ್ಲಿ ಬರೀ ಹುಡುಗಿಯರೇ ಅಲ್ಲವೇ?

ಸಿಂಧನೂರು ಅಕ್ಕ: 2004ರಲ್ಲಿ ಆ ಯೋಜನೆ ಬಂದದ್ದು ಆರನೆಯ ತರಗತಿಯಿಂದ ಮೇಲಿನ ಹುಡುಗಿಯರಿಗೆ, ವಸತಿಯೊಂದಿಗೆ. 2011ರ ಜನಗಣತಿಯಲ್ಲಿ ನಮ್ಮ ರಾಯಚೂರು ಜಿಲ್ಲೆಯ ಮಹಿಳಾ ಸಾಕ್ಷರತೆ ಶೇ 49ನ್ನೂ ಮುಟ್ಟಿರಲಿಲ್ಲ. ಹತ್ತಿ ಬಿಡಿಸಲು ಹೊಲಕ್ಕೆ ಹೋದವರು, ಗುಳೆ ಹೊರಟ ಅಪ್ಪ ಅಮ್ಮನ ಹಿಂದೆ ಹೋದವರು, ದೊಡ್ಡವಳಾದಳೆಂದು ಮನೆಯಲ್ಲೇ ಉಳಿದವರು: ಇಂಥ ಹುಡುಗಿಯರಿಗೆ ಅದು ಬೇಕೇ ಬೇಕು. ನಾನೇ ಮನೆಮನೆಗೆ ಹೋಗಿ ಅಲ್ಲಿಗೆ ಸೇರಿಸಿದ್ದೇನೆ. ಒಂದನೆಯ ತರಗತಿಯ ಮಗುವಿಗೆ ಇದರಲ್ಲಿ ಯಾವ ಕಾರಣ ಅನ್ವಯಿಸುತ್ತದೆ ಹೇಳಿ.

ಕಾಕಾ, ನಿಮ್ಮ ಶಾಲೆಯ ಹುಡುಗಿಯರ ಶೌಚಾಲಯದಲ್ಲಿ ನೀರಿಲ್ಲ, ಬಾಗಿಲಿಗೆ ಚಿಲಕವಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಪ್ರತ್ಯೇಕ ಶೌಚಾಲಯ ಕಡ್ಡಾಯ ಎನ್ನುತ್ತದೆ. ಬೇರೆ ಮಾಡಬೇಕಾದದ್ದು ಅದು.

ಗಂಗಾವತಿ ಕಾಕಾ: ಶೌಚಾಲಯದ ವಿಷಯವನ್ನು ಮೊದಲು ಇಡುತ್ತೇನೆ. ತರಗತಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ, ನೀನು ಊರಿಗೆ ಬಂದಾಗ ಮಾತಾಡೋಣ.