ಪರಿಧಿ ಎಂದರೆ ಗೆರೆಯೋ, ಗೆರೆಯ ಉದ್ದವೋ?

ಮಾನ್ಯರೇ,

ಏಳನೆಯ ತರಗತಿಯ ಮಕ್ಕಳಿಗೆ ವೃತ್ತದ ಪಾಠ ಮಾಡುವಾಗ ಎದುರಾದ ಪದದ ತೊಡಕೊಂದನ್ನು ನಿಮ್ಮ ಮುಂದಿಡುತ್ತಿದ್ದೇನೆ. ಕೈವಾರದಿಂದ 2 ಸೆಂ.ಮೀ. ತ್ರಿಜ್ಯದ ವೃತ್ತವನ್ನು ಎಳೆಸಿ, ಪೈ ಬೆಲೆಯನ್ನು 3.14 ಎಂದು ಹಿಡಿದು ಪರಿಧಿಯನ್ನೂ ವಿಸ್ತೀರ್ಣವನ್ನೂ ಕಂಡುಹಿಡಿಯಲು ಹೇಳಿದ್ದೆ. ಎರಡಕ್ಕೂ 12.56 ಎಂದೇ ಉತ್ತರ ಬಂದಿತು. ಒಂದು ಸೆಂಟಿಮೀಟರು, ಇನ್ನೊಂದು ಚದರ ಸೆಂಟಿಮೀಟರು ಎಂದು ನಾನು ವಿವರಿಸುವಷ್ಟರಲ್ಲಿ ಹುಡುಗಿಯೊಬ್ಬಳು, "ಹಾಗಾದರೆ ಪರಿಧಿ ಅಂದರೂ ಒಳಗಿನ ಜಾಗವೇ ಅಲ್ವಾ ಸರ್?" ಎಂದು ಕೇಳಿದಳು. ಆ ತ್ರಿಜ್ಯವನ್ನು ಆರಿಸಿದ್ದು ನನ್ನದೇ ತಪ್ಪು, 3 ಸೆಂ.ಮೀ. ಎಂದಿದ್ದರೆ 18.84 ಮತ್ತು 28.26 ಎಂದು ಬೇರೆ ಬೇರೆ ಸಂಖ್ಯೆಗಳು ಬಂದು, ಪ್ರಶ್ನೆ ಏಳುತ್ತಲೇ ಇರಲಿಲ್ಲ.

ಆದರೆ ಅವಳ ಗೊಂದಲಕ್ಕೆ ನಮ್ಮ ಬಳಕೆಯೂ ಕಾರಣವೆಂದು ಆಮೇಲೆ ಹೊಳೆಯಿತು. "ಕಾಯ್ದೆಯ ಪರಿಧಿಗೆ ಬರುವುದಿಲ್ಲ", "ಚರ್ಚೆಯ ಪರಿಧಿ ವಿಸ್ತಾರವಾಯಿತು" ಎಂದೆಲ್ಲ ದಿನವೂ ಓದುತ್ತೇವೆ. ಇಲ್ಲೆಲ್ಲ ಪರಿಧಿಗೆ ವ್ಯಾಪ್ತಿ ಎಂಬ ಅರ್ಥವೇ ಬಂದು ಕೂತಿದೆ. ಮೂಲದಲ್ಲಿ ಅದು ಸುತ್ತಲೂ ಇಟ್ಟದ್ದು. ಯಜ್ಞದಲ್ಲಿ ಅಗ್ನಿಯ ಸುತ್ತ ಇಡುವ ಕಟ್ಟಿಗೆಗಳಿಗೂ ಪರಿಧಿ ಎಂಬುದೇ ಹೆಸರು. ಅಂದರೆ ಅಂಚೇ ಹೊರತು ಒಳಗಿನ ಹರವಲ್ಲ.

ಗಣಿತದ ಒಳಗೂ ಈ ಪದ ಎರಡು ಕೆಲಸ ಮಾಡುತ್ತಿದೆ. "ಪರಿಧಿಯ ಮೇಲೆ ಒಂದು ಬಿಂದುವನ್ನು ಗುರುತಿಸಿ" ಎನ್ನುವಾಗ ಅದು ಗೆರೆ; "ಪರಿಧಿ 44 ಸೆಂ.ಮೀ." ಎನ್ನುವಾಗ ಆ ಗೆರೆಯ ಉದ್ದ. ತ್ರಿಜ್ಯಕ್ಕೂ ವ್ಯಾಸಕ್ಕೂ ಇದೇ ಇಬ್ಬಗೆಯ ಬಳಕೆಯಿದೆಯಾದರೂ ಅಲ್ಲಿ ಒಳಗು ಹೊರಗಿನ ಅನುಮಾನವಿಲ್ಲದ ಕಾರಣ ತೊಂದರೆಯಾಗುವುದಿಲ್ಲ. ಸುತ್ತಳತೆ ಎಂಬ ಪದದಲ್ಲಿ ಅಳತೆ ಎಂಬುದೇ ಸೇರಿಕೊಂಡಿರುವುದರಿಂದ "ಸುತ್ತಳತೆಯ ಮೇಲಿನ ಬಿಂದು" ಎಂದು ಯಾರೂ ಹೇಳುವುದಿಲ್ಲ. ಡಬ್ಬಿಯ ಮುಚ್ಚಳಕ್ಕೆ ದಾರ ಸುತ್ತಿ, ಬಿಡಿಸಿ, ಅಳತೆಪಟ್ಟಿಯ ಮೇಲೆ ಎಳೆದು ಹಿಡಿದ ಮಗುವಿಗೆ ಆ ಪದವನ್ನು ವಿವರಿಸಬೇಕಾಗಿಯೂ ಇಲ್ಲ. ಸುತ್ತಳತೆ ನೇರ ಬಾಹುಗಳಿರುವ ಆಕೃತಿಗಳಿಗೆ ಮಾತ್ರ, ವೃತ್ತಕ್ಕೆ ಪರಿಧಿಯೇ ಸರಿ ಎಂಬುದು ಸಹೋದ್ಯೋಗಿಯೊಬ್ಬರ ವಾದ. ಸೊಂಟಕ್ಕೂ ಮರದ ಬೊಡ್ಡೆಗೂ ಸುತ್ತಳತೆ ಎಂದೇ ಅನ್ನುವಾಗ ಈ ವಾದ ನನಗೆ ಒಪ್ಪಿಗೆಯಾಗಲಿಲ್ಲ.

ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆಯಿದೆ. ವೃತ್ತವೆಂದರೆ ಬಳೆಯೋ, ಬಿಲ್ಲೆಯೋ? ಕೇಂದ್ರದಿಂದ ಸಮದೂರದಲ್ಲಿರುವ ಬಿಂದುಗಳ ಗಣ ಎಂದು ಹೇಳಿಕೊಟ್ಟ ಮೇಲೆ ಅದು ಬಳೆ. ಬರಿಯ ಗೆರೆಗೆ ವಿಸ್ತೀರ್ಣವೆಲ್ಲಿಯದು? ಭಾಸ್ಕರಾಚಾರ್ಯರು 1150ರ ಲೀಲಾವತಿಯಲ್ಲಿ "ವೃತ್ತಕ್ಷೇತ್ರೇ ಪರಿಧಿಗುಣಿತವ್ಯಾಸಪಾದಃ ಫಲಂ" ಎಂದಿದ್ದಾರೆ. ವ್ಯಾಸದ ಕಾಲು ಭಾಗವನ್ನು ಪರಿಧಿಯಿಂದ ಗುಣಿಸಿದರೆ ವಿಸ್ತೀರ್ಣ. ತ್ರಿಜ್ಯ 7 ಸೆಂ.ಮೀ. ಇದ್ದರೆ, ಪೈಗೆ 22/7 ಹಿಡಿದಾಗ ಪರಿಧಿ 44 ಸೆಂ.ಮೀ., ವ್ಯಾಸದ ಕಾಲು ಭಾಗ 3.5 ಸೆಂ.ಮೀ., ಗುಣಲಬ್ಧ 154 ಚದರ ಸೆಂ.ಮೀ. ಲೆಕ್ಕ ಹೇಗೂ ಸರಿಯಾಗಿದೆ. ನನ್ನ ಕಣ್ಣು ಹೋದದ್ದು ಪದಗಳ ಮೇಲೆ. ಅಲ್ಲಿ ಫಲ, ಅಂದರೆ ವಿಸ್ತೀರ್ಣ, ಬರುವುದು ಬರಿಯ ವೃತ್ತದಲ್ಲಲ್ಲ, ವೃತ್ತಕ್ಷೇತ್ರದಲ್ಲಿ, ಮತ್ತು ಗುಣಿಸಲು ಬರುವಂಥದ್ದಾದ್ದರಿಂದ ಪರಿಧಿ ಅಲ್ಲಿ ಉದ್ದವೇ. ಹಾಗಾಗಿ ಪರಿಧಿಯನ್ನು ಉದ್ದಕ್ಕೆ ಬಳಸುವುದು ತಪ್ಪೆಂದು ನಾನು ಹೇಳಲಾರೆ. ತರಗತಿಯ ಮಟ್ಟಿಗೆ ಗೆರೆಗೆ ಪರಿಧಿ, ಉದ್ದಕ್ಕೆ ಸುತ್ತಳತೆ ಎಂದು ಹಂಚಿಕೊಳ್ಳಬಹುದೇ ಎಂಬುದಷ್ಟೇ ನನ್ನ ಪ್ರಶ್ನೆ.

ಒಳಗಿನ ಜಾಗವೂ ಸೇರಿದ ಆಕೃತಿಗೆ ವೃತ್ತಕ್ಷೇತ್ರ ಎಂಬುದು ಮಕ್ಕಳ ಬಾಯಿಗೆ ತುಸು ಭಾರ. ವೃತ್ತಬಿಲ್ಲೆ ಎಂದರೆ ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆದ ಅರಿಸಮಾಸವಾಯಿತೆಂದು ನಿಮ್ಮಲ್ಲೇ ಕೆಲವರು ಹುಬ್ಬು ಗಂಟಿಕ್ಕುವಿರೇನೋ. ದುಂಡುಬಿಲ್ಲೆ ಎಂದರೆ ನಡೆದೀತೇ, ಅಥವಾ ಬಿಲ್ಲೆ ಎಂದಷ್ಟೇ ಸಾಕೇ?